ಸಂಡಾಸದ ಗೋಡೆಗೆ ಬಂದ ದೇವರು

ಕಲ್ಲು ಎಸೆದರೆ ನನ್ನ ಗುರಿ ತಪ್ಪುವುದಿಲ್ಲ. ಇದನ್ನು ನಾನು ಹುಡುಗಿಯಾಗಿದ್ದಾಗ ಕಲಿತದ್ದಲ್ಲ, ಸರಕಾರಿ ಶಾಲೆಯ ಮೇಡಂ ಆದಮೇಲೆ ಕಲಿತದ್ದು. ದೇವದುರ್ಗದಿಂದ ಒಳಕ್ಕೆ, ಕಾಲುವೆ ದಂಡೆಯ ಒಂದು ಊರಿಗೆ ನನ್ನನ್ನು ಹಾಕಿದ್ದರು. ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದು, ಊರ ಮುಂದೆ ಇಳಿದು, ಶಾಲೆಯ ಹಿಂಬದಿಯ ದಾರಿಯಲ್ಲಿ ಬರುವಾಗ ಮೊದಲ ದಿನವೇ ಕಂಡದ್ದು ಶಾಲೆಯ ಗೋಡೆಗೆ ಮುಖ ಮಾಡಿದ ಗಂಡಸರ ಸಾಲು. ಕೆಲವರು ನಿಂತಿದ್ದರು, ಕೆಲವರು ಚಂಬು ಪಕ್ಕಕ್ಕಿಟ್ಟು ಕೂತಿದ್ದರು. ಒಬ್ಬ ಬೀಡಿ ಸೇದುತ್ತ ಇನ್ನೊಬ್ಬನಿಗೆ ಹತ್ತಿಯ ದರ ಹೇಳುತ್ತಿದ್ದ. ನನ್ನನ್ನು ನೋಡಿಯೂ ಯಾರೂ ಏಳಲಿಲ್ಲ. ನಾನು ಕೈಚೀಲ ಕೆಳಗಿಟ್ಟು ಒಂದು ಕಲ್ಲು ಎತ್ತಿಕೊಂಡೆ. ಅದು ಬಡಿದು ಚಂಬು ಉರುಳಿತು. ಆಗ ಎದ್ದರು.

ಆ ಗೋಡೆಯ ಒಳಮಗ್ಗುಲಿಗೇ ನಮ್ಮ ಹುಡುಗಿಯರ ಸಂಡಾಸ. ಹೊರಗಿನವರು ಹೊಯ್ದದ್ದೆಲ್ಲ ಗೋಡೆಯ ಬುಡದಲ್ಲಿ ಮಡುಗಟ್ಟಿ, ಇಟ್ಟಿಗೆ ಅದನ್ನು ಹೀರಿ, ಒಳಗಿನ ಸುಣ್ಣ ಹಳದಿಯಾಗಿ ಉದುರುತ್ತಿತ್ತು. ಬಿಸಿಲೇರಿದರೆ ತರಗತಿಗಳಿಗೆಲ್ಲ ವಾಸನೆ. ಮಕ್ಕಳು ಮೂಗು ಮುಚ್ಚಿಕೊಂಡೇ ಮಗ್ಗಿ ಹೇಳುತ್ತಿದ್ದರು. ಬಾಗಿಲಿಗೆ ಚಿಲಕವಿರಲಿಲ್ಲ, ನಲ್ಲಿಯ ತಲೆಯನ್ನು ಯಾರೋ ತಿರುವಿಕೊಂಡು ಹೋಗಿದ್ದರು. ನಾನು ಕಂಡಕಂಡವರ ಜೊತೆ ಜಗಳ ತೆಗೆದು ಚಿಲಕ ಹಾಕಿಸಿದೆ, ನಲ್ಲಿ ಹಾಕಿಸಿದೆ, ಮೇಲೊಂದು ಕರಿ ಟ್ಯಾಂಕು ಕೂರಿಸಿದೆ. ಸಾಬೂನು ಇಟ್ಟರೆ ಕಾಗೆ ಕಚ್ಚಿಕೊಂಡು ಹೋಗುತ್ತಿತ್ತು. ನನ್ನ ಗಂಡನ ಹಳೆಯ ಕಾಲುಚೀಲದೊಳಗೆ ಸಾಬೂನು ತುರುಕಿ ನಲ್ಲಿಗೆ ಕಟ್ಟಿದೆ. ಮಕ್ಕಳು ಕಾಲುಚೀಲವನ್ನೇ ತಿಕ್ಕಿ ನೊರೆ ಬರಿಸಿ ಕೈ ತೊಳೆಯುತ್ತಿದ್ದರು.

ಇದನ್ನೆಲ್ಲ ಕಾಯಲು ಒಬ್ಬ ಮಂತ್ರಿ ಇದ್ದಳು. ಶಾಲೆಯ ಮಂತ್ರಿಮಂಡಲದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿಗೆ ಆರೋಗ್ಯ ಖಾತೆ ಸಿಕ್ಕಿತ್ತು. ಕುರಿ ಸಾಕುವವರ ಮಗಳು. ಉಳಿದ ಮಂತ್ರಿಗಳು ಬ್ಯಾಜು ಚುಚ್ಚಿಕೊಂಡು ಸುಮ್ಮನೆ ತಿರುಗಿದರೆ, ಈಕೆ ಬೇವಿನ ಕೋಲು ಹಿಡಿದು ಬಿಸಿಯೂಟದ ಸಾಲಿನ ಮುಂದೆ ನಿಲ್ಲುತ್ತಿದ್ದಳು. ಉಗುರು ನೋಡುತ್ತಿದ್ದಳು, ಕೈ ಮೂಸುತ್ತಿದ್ದಳು, ಸಾಬೂನಿನ ವಾಸನೆ ಬರದಿದ್ದರೆ ತಟ್ಟೆ ಕಸಿದುಕೊಳ್ಳುತ್ತಿದ್ದಳು. ಒಂದು ದಿನ ನನ್ನ ಕೈಯನ್ನೂ ಹಿಡಿದಳು.

“ಅಕ್ಕೋರ, ಉಗುರಾಗ ಸುಣ್ಣ ಅದ. ತೊಳ್ಕೊಂಡು ಬರ್ರಿ.”

ನಾನು ತೊಳೆದುಕೊಂಡು ಬಂದೆ. ಅಂದಿನಿಂದ ಆಕೆಯನ್ನು ಮಂತ್ರೀ ಎಂದೇ ಕರೆದೆ, ಹೆಸರು ಹಿಡಿದು ಕರೆಯಲಿಲ್ಲ. ಮುಂದೆ ದೇವದುರ್ಗದ ಹೈಸ್ಕೂಲಿಗೆ ಹೋಗಬೇಕು, ನರ್ಸಾಗಬೇಕು ಎಂದು ಆಕೆಗಿತ್ತು. ಸೂಜಿ ಚುಚ್ಚುವುದೆಂದರೆ ಆಕೆಗೆ ಬಹಳ ಇಷ್ಟವಿತ್ತು, ಯಾರಿಗಾದರೂ ಸರಿ.

ಆಕೆಯ ತಾಯಿ ಒಮ್ಮೆ ಶಾಲೆಗೆ ಬಂದು, ನನ್ನನ್ನು ಬಿಟ್ಟು ಮೊದಲು ಸಂಡಾಸ ನೋಡಿ, ಆಮೇಲೆ ನನ್ನ ಹತ್ತಿರ ಬಂದಳು.

“ಅಕ್ಕೋರ, ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ್ರಿ. ಆಕಿ ಅಪ್ಪ ಕುರಿ ಹೊಡಕೊಂಡು ಹೋದ್ರ ತಿಂಗಳಗಟ್ಟಲೆ ಬರಾಂಗಿಲ್ಲ. ಮನಿಯಾಗ ಆಕಿ ದೊಡ್ಡಪ್ಪಂದ ನಡೀತದ. ಇನ್ನ ಸಾಲಿ ಸಾಕು, ಕೊಟ್ಟುಬಿಡೂಣು ಅಂತಾನ. ಸಾಲ್ಯಾಗ ಸಂಡಾಸ ಅದ, ನೀರದ, ಚಿಲಕ ಅದ ಅಂತ ಹೇಳಿ ಅವನ ಬಾಯಿ ಮುಚ್ಚೀನಿ. ಇದೊಂದು ಕೆಡಗೊಡಬ್ಯಾಡ್ರಿ.”

ಹೀಗೆ ಒಂದು ಹುಡುಗಿಯ ಓದು ಒಂದು ಚಿಲಕದ ಮೇಲೆ ನಿಂತಿತ್ತು. ನಾನು ಮಾತು ಕೊಟ್ಟೆ.

ಗೋಡೆಯ ಹೊರಗಿನವರು ಮಾತ್ರ ಜಗ್ಗಲಿಲ್ಲ. ನಾನು ಕಲ್ಲು ಎಸೆದೆ, ಕೊಡೆಯಿಂದ ಹೊಡೆದೆ, ಒಬ್ಬನ ಲುಂಗಿಯ ಮೇಲೆ ಫಿನೈಲು ಸುರಿದೆ. ಊರಲ್ಲಿ ನನ್ನ ಹೆಸರು ಕಲ್ಲು ಟೀಚರ್ ಎಂದಾಯಿತು. ಒಬ್ಬ ಕುಡುಕ ನನ್ನ ಮಣಿಕಟ್ಟು ಹಿಡಿದು ತಿರುವಿದ. ಬಳೆ ಒಡೆದು ಚೂರು ಒಳಗೆ ಹೋಯಿತು. ನಾನು ಇನ್ನೊಂದು ಕೈಯಿಂದ ಅವನ ಮೂಗಿಗೆ ಗುದ್ದಿದೆ. ಇಬ್ಬರ ರಕ್ತವೂ ನನ್ನ ಸೀರೆಗೇ ಆಯಿತು.

ನಮ್ಮ ಹೆಡ್‌ಮಾಸ್ತರರು ನೊಣ ಹೊಡೆಯುವುದಕ್ಕೂ ಮೇಲಿನವರ ಅಪ್ಪಣೆ ಕೇಳುವ ಮನುಷ್ಯ. ಆ ಸೀರೆ ನೋಡಿ ನನ್ನನ್ನು ಆಫೀಸಿಗೆ ಕರೆದರು.

“ಮೇಡಂರೀ, ಕಲ್ಲಿಗೆ ಅಂಜಲಾರದ ಮಂದಿ ದೇವರಿಗೆ ಅಂಜತದ. ಗ್ವಾಡಿಗೆ ದೇವರ ಟೈಲ್ಸ್ ಹಚ್ಚಿಬಿಡೂಣು. ಪ್ಯಾಟ್ಯಾಗ ಎಲ್ಲಾರೂ ಹಂಗ ಮಾಡ್ತಾರ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಅವರು. ನಾನು ನಕ್ಕರೂ ಜೊತೆಗೆ ಹೋದೆ. ರಾಯಚೂರಿನ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು, ಬಿಳಿಗಡ್ಡದ ಮುದುಕರು, ಎಲ್ಲ ದೇವರುಗಳನ್ನೂ ಹೊರಗೆ ಸಾಲಾಗಿ ಒರಗಿಸಿದ್ದರು.

“ಅರೇ ಅಮ್ಮಾ, ನಮ್ಮ ದುಕಾನ್ ಬಾಜೂಕಿನ ಗೋಡಿಗಿ ನಾನೇ ಹಚ್ಚೀನಿ. ಮಂದಿರ, ಮಸೀದಿ, ಚರ್ಚು, ಸಬ್ ಒಂದೇ ಲೈನು. ಒಬ್ಬ ಬಿ ನಿಂದ್ರಂಗಿಲ್ಲ.” ಟೈಲ್ಸುಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ ಅವರು ಇನ್ನೊಂದು ಮಾತು ಹೇಳಿದರು. “ಲೇಕಿನ್ ಹಚ್ಚೋದು ಆಸಾನ್ ಅಮ್ಮಾ, ತೆಗಿಯೋದು ಮುಷ್ಕಿಲ್.”

ಆ ಮಾತು ಆಗ ನನ್ನ ಕಿವಿಗೆ ಬಿದ್ದಿತೇ ಹೊರತು ತಲೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಅಷ್ಟೂ ದೇವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಗಾರೆಯವನು ಟೈಲ್ಸ್ ಹಚ್ಚಿದ. ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಹೆಡ್‌ಮಾಸ್ತರರು ಆ ದಿನ ಎಲ್ಲರಿಗೂ ಚಹಾ ಕುಡಿಸಿದರು. ವಾರ ಕಳೆಯುವುದರೊಳಗೆ ಯಾರೋ ಟೈಲ್ಸಿಗೆ ಕುಂಕುಮ ಹಚ್ಚಿದರು. ಆಮೇಲೆ ಎಣ್ಣೆ ದೀಪ ಬಂತು, ಶುಕ್ರವಾರದ ಕಾಯಿ ಬಂತು. ಒಬ್ಬಳ ಮಗುವಿಗೆ ಹರಕೆ ಹೊತ್ತ ಮೇಲೆ ಜ್ವರ ಇಳಿಯಿತಂತೆ, ಆಕೆ ಗಂಟೆ ಕಟ್ಟಿಸಿದಳು. ಮೂತ್ರದ ಮಡು ಇದ್ದ ಜಾಗದಲ್ಲೇ ಕಟ್ಟೆ ಎದ್ದಿತು. ಲುಂಗಿ ಎತ್ತಿ ನಿಲ್ಲುತ್ತಿದ್ದವರೇ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಊರವರು ಅದಕ್ಕೆ ಗ್ವಾಡಿ ದೇವರು ಎಂದು ಹೆಸರಿಟ್ಟರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ಎಂದು ನಾನು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ತೆಂಗಿನಕಾಯಿ ಚೂರು ಬಾಯಿಗೆ ಹಾಕಿಕೊಂಡರು.

ಆಮೇಲೆ ಶಾಲಾ ಸಮಿತಿಯ ಅಧ್ಯಕ್ಷ ಒಂದಷ್ಟು ಜನರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಹಿತ್ತಾಳೆಯ ಬೀಗ.

“ಹೊರಗ ದೇವರು ಅದಾನ. ಒಳಗ ಹುಡುಗ್ಯಾರು ಮುಟ್ಟಾದಾಗ ಬಟ್ಟಿ ಬದಲಸ್ತಾರ. ನಡುವ ಒಂದ ಇಟ್ಟಂಗಿ. ನಾಳೆ ಊರಿಗೆ ಕೇಡಾದ್ರ ಯಾರು ಜವಾಬ್ದಾರಿ?”

“ಮೊನ್ನಿ ತನಕ ಅದ ಗ್ವಾಡಿಗೆ ನೀವ ಹೊಯ್ತಿದ್ರಲ್ಲಾ,” ಎಂದೆ. “ಆಗ ಕೇಡಾಗಲಿಲ್ಲೇನ್ರೀ?”

ಅವನು ಬೀಗ ಹಿಡಿದು ಸಂಡಾಸದ ಕಡೆ ನಡೆದ. ನಾನು ಬಾಗಿಲಿಗೆ ಅಡ್ಡ ನಿಂತೆ, ಅವನು ನೂಕಿದ. ಮೊಳಕೈ ಗೋಡೆಗೆ ತರಚಿ ಚರ್ಮ ಕಿತ್ತು ಬಂತು. ಮಂತ್ರಿ ಎಲ್ಲಿದ್ದಳೋ, ಓಡಿ ಬಂದು ಬೀಗ ಹಿಡಿದ ಅವನ ಕೈ ಕಚ್ಚಿದಳು. ಅವನು ಬೆಕ್ಕಿನ ಮರಿ ಒಗೆದಂತೆ ಆಕೆಯನ್ನು ಒಗೆದ. ಸಂಡಾಸದ ಬಾಗಿಲಿಗೆ ಬೀಗ ಬಿತ್ತು. ಹೆಡ್‌ಮಾಸ್ತರರು ಅಷ್ಟು ಹೊತ್ತೂ ಆಫೀಸಿನ ಕಿಟಕಿಯಲ್ಲಿ ನಿಂತಿದ್ದರು. ಮರುದಿನದಿಂದ ಅವರು ರಜೆ ಹಾಕಿದರು.

ದೇವರಿಂದ ಓಡಿದ ಗಂಡಸರು ಎಲ್ಲಿಗೆ ಹೋಗಿದ್ದರು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಅವರು ಕಾಲುವೆ ದಂಡೆಯ ಜಾಲಿ ಪೊದೆಗಳಿಗೆ ಹೋಗಿದ್ದರು. ಈಗ ಹುಡುಗಿಯರೂ ಅಲ್ಲಿಗೇ ಹೋಗಬೇಕಾಯಿತು. ಕೆಲವರು ನೀರು ಕುಡಿಯುವುದನ್ನೇ ಬಿಟ್ಟರು, ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಂಡು ಬೆಂಚಿಗೆ ಒರಗುತ್ತಿದ್ದರು. ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಂತಿತು. ಮಂತ್ರಿ ಮಾತ್ರ ಬಂದಳು. ಬಿಡುವಿನಲ್ಲಿ ಸಣ್ಣ ಹುಡುಗಿಯರನ್ನು ಗುಂಪು ಕಟ್ಟಿಕೊಂಡು ಜಾಲಿಗೆ ಹೋಗಿ, ತಾನು ಹೊರಗೆ ಆ ಬೇವಿನ ಕೋಲು ಹಿಡಿದು ಕಾವಲು ನಿಲ್ಲುತ್ತಿದ್ದಳು. ಅದು ತನ್ನ ಖಾತೆಯ ಕೆಲಸ ಎಂದುಕೊಂಡಿದ್ದಳು.

ಒಂದು ದಿನ ಅಧ್ಯಕ್ಷನ ಮಗ ಕಾಲುವೆ ದಂಡೆಯ ಮೇಲೆ ನಿಂತು ಜಾಲಿಯ ಕಡೆಗೆ ಮೊಬೈಲು ಎತ್ತಿದ. ಮೀಸೆ ಬಂದ, ಕೆಲಸವಿಲ್ಲದ ಆಳು. ಮಂತ್ರಿ ಕೂಗಿದಳು, ಬೈದಳು. ಅವನು ನಗುತ್ತ ಮೊಬೈಲು ಇನ್ನೂ ಮೇಲೆತ್ತಿದ. ಆಕೆ ಕಲ್ಲು ಎತ್ತಿಕೊಂಡಳು. ಗುರಿ ನನ್ನಿಂದಲೇ ಕಲಿತದ್ದು. ಅವನ ಕಿವಿ ಹರಿಯಿತು, ಮೊಬೈಲು ಕಾಲುವೆಗೆ ಬಿತ್ತು.

ಕಿವಿ ಹರಿದವನನ್ನು ಊರು ಆಸ್ಪತ್ರೆಗೆ ಒಯ್ದಿತು. ಕಲ್ಲು ಎಸೆದವಳನ್ನು ಮರುದಿನ ಪ್ರಾರ್ಥನೆಯ ಹೊತ್ತಿಗೆ ದೊಡ್ಡಪ್ಪ ಜಡೆ ಹಿಡಿದು ಶಾಲೆಯ ಬಯಲಿಗೆ ಎಳೆದುಕೊಂಡು ಬಂದ. ಎಲ್ಲರೂ ನೋಡಲಿ ಎಂದೇ ಅಲ್ಲಿಗೆ ತಂದಿದ್ದ. ಕುರಿ ಕಟ್ಟುವ ಹಗ್ಗವನ್ನು ಎರಡು ಮಡಿಕೆ ಮಾಡಿ ಹೊಡೆದ. ಆಕೆ ಅಳಲಿಲ್ಲ, ಅದಕ್ಕೆ ಇನ್ನೂ ಹೊಡೆದ. ಮಕ್ಕಳು ಸಾಲಿನಲ್ಲೇ ನಿಂತಿದ್ದರು, ಒಂದಿಬ್ಬರು ನಿಂತಲ್ಲೇ ಒದ್ದೆ ಮಾಡಿಕೊಂಡರು. ನಾನು ಆಕೆಯ ಮೇಲೆ ಬಿದ್ದೆ, ಹಗ್ಗ ನನ್ನ ಬೆನ್ನಿಗೂ ಬಂತು. ಎದ್ದವಳೇ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ತೆಗೆದುಕೊಂಡು ಅವನ ಹೆಗಲಿಗೆ ಬಾರಿಸಿದೆ. ಮೂಳೆ ಟಕ್ಕೆಂದದ್ದು ನನಗೆ ಕೇಳಿಸಿತು. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಇವತ್ತು ನೆನೆದರೂ ಖುಷಿಯಾಗುತ್ತದೆ.

ಅವನು ಇನ್ನೊಂದು ಕೈಯಿಂದ ಹುಡುಗಿಯನ್ನು ಮನೆಗೆ ಎಳೆದುಕೊಂಡು ಹೋಗಿ ಕೋಣೆಗೆ ಹಾಕಿದ. ಆ ಸಂಜೆ ತಾಯಿ ಬಸ್ಸಿನ ಹತ್ತಿರ ಬಂದು ನನ್ನ ಸೆರಗು ಹಿಡಿದಳು. ಆಕೆಯ ತುಟಿ ಒಡೆದಿತ್ತು.

“ಮಾನ್ವಿ ಕಡಿಂದ ಗಂಡಿನ ಮಂದಿ ನೋಡಾಕತ್ತಾನ್ರಿ. ಆಕಿ ಅಪ್ಪಗ ಫೋನ್ ಹಚ್ಚೀನಿ, ಕುರಿ ಬಿಟ್ಟು ಬರಾಕತ್ತಾನ. ಅಂವ ಬರೂದ್ರಾಗ ಆ ಕೀಲಿ ತೆಗಸ್ರಿ ಅಕ್ಕೋರ. ಸಂಡಾಸ ತೆಗದದ ಅಂದ್ರ ನನಗ ಮಾತಾಡಾಕ ಬಾಯಿರತದ. ಇಲ್ಲಂದ್ರ ನಾ ಏನಂತ ಹೇಳ್ಲಿ?”

ನಾನು ಮರುದಿನ ದೇವದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಕುರ್ಚಿಯಲ್ಲಿ ಕೂತವರು ನನ್ನ ಮಾತು ಪೂರ್ತಿ ಕೇಳಿ, ಫ್ಯಾನಿನ ಕಡೆ ನೋಡಿ, “ದೇವರ ವಿಷಯ ಮೇಡಂ, ಸೂಕ್ಷ್ಮ ಅದ. ಸ್ವಲ್ಪ ತಡ್ಕೋರಿ,” ಎಂದರು. ತಡೆದುಕೊಳ್ಳುವುದು ಎಂದರೆ ಏನೆಂದು ನಮ್ಮ ಹುಡುಗಿಯರನ್ನು ಕೇಳಿ ಎಂದೆ. ಬರುವಾಗ ಪೇಟೆಯಲ್ಲಿ ಒಂದು ಹಾರೆ ಕೊಂಡೆ. ಕಂಡಕ್ಟರು ಅದಕ್ಕೂ ಟಿಕೆಟ್ಟು ಕೇಳಿದ. ನನ್ನ ಮುಖ ನೋಡಿ ಸುಮ್ಮನಾದ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದವಳೇ ಬೀಗಕ್ಕೆ ಹಾರೆ ಕೊಟ್ಟು ಮೀಟತೊಡಗಿದೆ. ಮೊದಲ ಸದ್ದಿಗೇ ಜನ ಸೇರಿದರು. ಸ್ವಲ್ಪ ಹೊತ್ತಿನಲ್ಲಿ ಊರಿಗೆ ಊರೇ ಶಾಲೆಯ ಹಿಂದೆ ನಿಂತಿತ್ತು. ಗಂಟೆ ಬಡಿದರು, “ದೇವರಿಗೆ ಕೈ ಹಚ್ಚಿದ್ಲು” ಎಂದು ಕೂಗಿದರು. ನಾನು ದೇವರಿಗೆ ಕೈ ಹಚ್ಚಿರಲಿಲ್ಲ, ಬೀಗಕ್ಕೆ ಹಚ್ಚಿದ್ದೆ. ಆದರೆ ಆ ಗದ್ದಲದಲ್ಲಿ ಯಾರು ಕೇಳುತ್ತಾರೆ. ಅಧ್ಯಕ್ಷ ಹಾರೆಯ ಇನ್ನೊಂದು ತುದಿ ಹಿಡಿದು ಜಗ್ಗಿದ. ನಾನು ಅವನ ಪಾದದ ಮೇಲೆ ಹಾರೆ ಬಿಟ್ಟೆ. ಅವನು ಕುಸಿದು ಕೂತ. ಅದೇ ಹೊತ್ತಿಗೆ ಗುಂಪಿನೊಳಗಿಂದ ಒಂದು ಕಲ್ಲು ಬಂದು ನನ್ನ ಎಡ ಹುಬ್ಬಿಗೆ ಬಡಿಯಿತು. ಯಾರು ಎಸೆದರೋ ಇವತ್ತಿಗೂ ಗೊತ್ತಿಲ್ಲ. ಗುರಿ ಚೆನ್ನಾಗಿತ್ತು.

ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. ಕೂತುಬಿಟ್ಟೆ. ಯಾರೋ ನನ್ನ ಪಕ್ಕದಿಂದ ಹಾರೆ ಎತ್ತಿಕೊಂಡರು. ಸೆರಗಿನಿಂದ ಕಣ್ಣು ಒರೆಸಿ ನೋಡಿದರೆ ಮಂತ್ರಿಯ ತಾಯಿ.

“ಅಕ್ಕೋರಿಗೆ ಹೊಡದ್ರಿ, ನನಗ ಹೊಡೀರಿ ನೋಡೂಣು,” ಎಂದಳು ಗುಂಪಿಗೆ. “ಯಾರರೆ ಮುಂದ ಬಂದ್ರ ಇದ ಹಾರಿ ಹೊಟ್ಟ್ಯಾಗ ಇಳಸ್ತೀನಿ. ಕುರಿ ಕೊಯ್ದ ಕೈ ಇದು.”

ಯಾರೂ ಮುಂದೆ ಬರಲಿಲ್ಲ. ಆಕೆ ಬಾಗಿಲ ಕೊಂಡಿಯನ್ನೇ ಕಿತ್ತಳು. ಬಾಗಿಲು ತೆರೆದುಕೊಂಡಿತು. ಒಳಗೆ ಜೇಡರ ಬಲೆ ಕಟ್ಟಿತ್ತು. ನಲ್ಲಿಗೆ ಕಟ್ಟಿದ ಕಾಲುಚೀಲ ಹಾಗೇ ನೇತಾಡುತ್ತಿತ್ತು, ಒಣಗಿ ಕಲ್ಲಾಗಿತ್ತು. ಆಕೆ ನಲ್ಲಿ ತಿರುವಿದಳು. ಮೊದಲು ಕೆಮ್ಮಿ, ಆಮೇಲೆ ನೀರು ಬಂತು. ಅಷ್ಟು ಹೊತ್ತೂ ದೂರ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಮುಂದೆ ಬಂದು ಬಾಗಿಲ ಎರಡೂ ಬದಿಗೆ ನಿಂತರು.

“ಈಗ ಕರಕೊಂಡು ಬರ್ತೀನಿ ನನ್ನ ಮಗಳ್ನ,” ಎಂದು ತಾಯಿ ಹಾರೆ ಹಿಡಿದುಕೊಂಡೇ ಮನೆಯ ಕಡೆ ಓಡಿದಳು.

ಮನೆಯ ಬಾಗಿಲು ಹಾರುಹೊಡೆದಿತ್ತು. ಕೋಣೆಯ ಬಾಗಿಲೂ ತೆರೆದಿತ್ತು. ಊರೆಲ್ಲ ಗೋಡೆಯ ಹತ್ತಿರ ಬಡಿದಾಡುತ್ತಿದ್ದಾಗ, ದೊಡ್ಡಪ್ಪ ಹುಡುಗಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೋಗಿದ್ದ. ಓಣಿಯಲ್ಲಿ ಕೇಳೋಣವೆಂದರೆ ಒಬ್ಬ ಕುರುಡ ಮುದುಕನ ಹೊರತು ಯಾರೂ ಇರಲಿಲ್ಲ. ಹುಡುಗಿ ಚೀರುವುದು ಕೇಳಿಸಿತು, ಗ್ವಾಡಿ ಕಡೆಯ ಗದ್ದಲ ಅಂದುಕೊಂಡೆ ಎಂದ ಆ ಮುದುಕ.

ನನ್ನ ಹುಬ್ಬಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಹೊಲಿಯುತ್ತಿರುವಾಗಲೇ ನಾನು ಪೊಲೀಸರಿಗೆ ಫೋನು ಮಾಡಿದೆ, ಮಕ್ಕಳ ಸಹಾಯವಾಣಿಗೆ ಮಾಡಿದೆ, ಸಿಕ್ಕಸಿಕ್ಕವರಿಗೆ ಕಿರುಚಿದೆ. ಅವರು ಒಂದು ಊರಿಗೆ ಹೋಗುವಷ್ಟರಲ್ಲಿ ಹುಡುಗಿಯನ್ನು ಇನ್ನೊಂದು ಊರಿಗೆ ದಾಟಿಸಿದ್ದರು. ಕೊನೆಗೆ ಸಿಕ್ಕಾಗ ಕೊರಳಲ್ಲಿ ತಾಳಿ ಇತ್ತು, ವಯಸ್ಸು ಹದಿನೆಂಟು ತುಂಬಿದೆ ಎಂದು ಹೇಳುವ ಬಾಯಿಗಳು ಬೇಕಾದಷ್ಟಿದ್ದವು. ಅಪ್ಪ ಕುರಿ ಬಿಟ್ಟು ಬಂದವನು ಅಣ್ಣನ ಎದೆಯ ಮೇಲೆ ಕೂತು ಹೊಡೆದ. ಹೊಡೆದರೆ ತಾಳಿ ಬಿಚ್ಚುತ್ತದೆಯೇ.

ತಾಯಿ ಏನು ಮಾಡಿದಳೆಂದು ನಾನು ಕಣ್ಣಾರೆ ಕಾಣಲಿಲ್ಲ, ಬೇರೆ ಟೀಚರು ಹೇಳಿದರು. ಗೋಡೆಯ ಟೈಲ್ಸುಗಳನ್ನು ಹಾರೆಯಿಂದ ಒಂದೊಂದಾಗಿ ಮೀಟಿ, ಒಂದೂ ಒಡೆಯದಂತೆ ಬುಟ್ಟಿಯಲ್ಲಿ ಜೋಡಿಸಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ ಅಧ್ಯಕ್ಷನ ಮನೆಯ ಕಟ್ಟೆಯ ಮೇಲೆ ಇಳಿಸಿದಳಂತೆ. “ನಿನ್ನ ದೇವರನ್ನ ನಿನ್ನ ಮನಿಯಾಗ ಇಟ್ಕೋ. ನಮ್ಮ ಹುಡುಗ್ಯಾರ ಬೆನ್ನಿಗೆ ಹಚ್ಚಬ್ಯಾಡ,” ಎಂದಳಂತೆ. ಆಮೇಲೆ ಆ ಸಂಡಾಸಕ್ಕೆ ಯಾರೂ ಬೀಗ ಹಾಕಲಿಲ್ಲ. ಉಳಿದ ಹುಡುಗಿಯರು ಮರಳಿ ಬಂದರು, ಹೈಸ್ಕೂಲಿಗೂ ಹೋದರು. ಯಾರಿಗಾಗಿ ಬೀಗ ಒಡೆದೆವೋ ಆಕೆ ಮಾತ್ರ ಒಳಗೆ ಕಾಲಿಡಲಿಲ್ಲ. ಇದಕ್ಕೆ ಸಮಾಧಾನ ಹೇಳಲು ಬಂದವರನ್ನು ನಾನು ಬಾಗಿಲಿನಿಂದಲೇ ಕಳಿಸಿದ್ದೇನೆ.

ನನ್ನನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಒಗೆದರು. ಚಂದ್ರಬಂಡದ ಕಡೆ ಒಂದಷ್ಟು ವರ್ಷ, ಆಮೇಲೆ ಮಾನ್ವಿ ತಾಲೂಕಿನಲ್ಲಿ ಮಲ್ಲಟದ ಆಚೆಯ ಒಂದು ಶಾಲೆ. ಈಗ ಅಲ್ಲಿ ನಾನೇ ಹೆಡ್‌ಮಿಸ್ಟ್ರೆಸ್. ಸಾಬೂನಿಗೆ ಈಗಲೂ ಕಾಲುಚೀಲವೇ ಕಟ್ಟುತ್ತೇನೆ. ಗೋಡೆಗೆ ಬಂದು ನಿಲ್ಲುವವರಿಗೆ ಈಗಲೂ ಕಲ್ಲೇ.

ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ, ರಿಜಿಸ್ಟರಿಗೆ ಹೊಸ ಮಕ್ಕಳ ಹೆಸರು ಹಚ್ಚಿಕೊಳ್ಳುತ್ತ ವರಾಂಡದಲ್ಲಿ ಕೂತಿದ್ದೆ. ಒಬ್ಬ ಹೆಣ್ಣುಮಗಳು ಸಣ್ಣ ಹುಡುಗಿಯ ಕೈ ಹಿಡಿದುಕೊಂಡು ಗೇಟಿನೊಳಗೆ ಬಂದಳು. ನನ್ನ ಕಡೆ ನೋಡದೆ ನೆಟ್ಟಗೆ ಶಾಲೆಯ ಹಿಂದಕ್ಕೆ ನಡೆದಳು. ಏನವ್ವಾ, ಯಾರು ಬೇಕು ಎಂದು ಕೂಗುತ್ತ ನಾನೂ ಹಿಂದೆ ಹೋದೆ. ಆಕೆ ಹುಡುಗಿಯರ ಸಂಡಾಸದ ಬಾಗಿಲು ತೆರೆದು, ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ನಲ್ಲಿ ತಿರುವಿದಳು. ಕಾಲುಚೀಲ ಮುಟ್ಟಿ, ಬೆರಳು ಮೂಸಿದಳು.

ಮೂಸಿದ್ದು ನೋಡಿ ನನಗೆ ಗುರುತು ಹತ್ತಿತು.

“ಮಂತ್ರೀ,” ಎಂದೆ.

ಆಕೆ ತಿರುಗಿದಳು. ಬಿಸಿಲಿಗೆ ಸುಟ್ಟ ಮುಖ, ಇಷ್ಟು ಬೇಗ ಬರಬಾರದಿದ್ದ ಬಿಳಿಕೂದಲು. ನನ್ನ ಹುಬ್ಬಿನ ಗಾಯದ ಗುರುತನ್ನು ಬಹಳ ಹೊತ್ತು ನೋಡಿದಳು.

“ಆ ಗಾಯದ್ದು ಅವ್ವ ಹೇಳ್ಯಾಳ್ರಿ,” ಎಂದಳು. ನಾನು ಅತ್ತೆ. ಆಕೆ ಅಂದೂ ಅತ್ತವಳಲ್ಲ, ಇಂದೂ ಅಳಲಿಲ್ಲ.

ಆಮೇಲೆ ಮಗಳ ಕೈ ನನ್ನ ಕೈಗೆ ಕೊಟ್ಟು, ತಾನೊಬ್ಬಳೇ ಗೇಟು ದಾಟಿ ಗೋಡೆಯ ಹೊರಬದಿಗೆ ಹೋದಳು. ನಾವಿಬ್ಬರೂ ಹಿಂದೆ ಹೋದೆವು. ಆಕೆ ಆ ತುದಿಯಿಂದ ಈ ತುದಿಯವರೆಗೆ ಗೋಡೆಗೆ ಅಂಗೈ ಆಡಿಸುತ್ತ ನಡೆದು ಬಂದಳು. ಸುಣ್ಣ ಆಕೆಯ ಕೈಗೆ ಹತ್ತಿತು.

“ಇಲ್ಲಿ ಗ್ವಾಡಿಗೆ ದೇವರು ಯಾರೂ ಇಲ್ಲೇನ್ರಿ ಅಕ್ಕೋರ?”

“ಇಲ್ಲವ್ವಾ. ಬಂದ್ರೂ ನಾ ಬಿಡೂದಿಲ್ಲ.”

ಆಕೆ ಕೈಯ ಸುಣ್ಣವನ್ನು ಸೀರೆಗೆ ಒರೆಸಿಕೊಂಡಳು.

“ಹಂಗಾದ್ರ ನನ್ನ ಮಗಳ ಹೆಸರು ಹಚ್ಕೋರಿ.”